ಗಾಳಿಯನ್ನು ನಂಬಿದ ಕೋವಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿ ಧಾರವಾಡದ ಬಯಲಿಗೆ ಮುಖಮಾಡಿ ನಿಂತ ಹಳಿಯಾಳ ಮತ್ತು ಮುಂಡಗೋಡು, ಗೋವೆಯ ಗಡಿಯವರೆಗೂ ಕಾಡೇ ಕಾಡಾಗಿ ಹಬ್ಬಿದ ಜೋಯಿಡಾ, ಮೊನ್ನೆ ಮೊನ್ನೆಯವರೆಗೆ ಹಳಿಯಾಳದ ಒಂದಂಗವಾಗಿದ್ದು ಈಚೆಗೆ ತಾನೇ ತಾಲೂಕಿನ ಪದವಿಗೇರಿದ ದಾಂಡೇಲಿ ಎಂಬ ಈ ನಾಲ್ಕು ಸೀಮೆಗಳಲ್ಲಿ, ಬೇಸಾಯವನ್ನು ನೆಚ್ಚಿಕೊಂಡ ಮನೆಯೊಂದರ ಪಡಸಾಲೆಯನ್ನು ಹೊಕ್ಕವರಿಗೆ, ದೇವರ ಪಟ, ಸೊಸೈಟಿಯವರು ಕೊಟ್ಟ ಕ್ಯಾಲೆಂಡರು, ತೀರಿಹೋದ ಹಿರಿಯರ ಭಾವಚಿತ್ರ ಇವುಗಳ ಸಾಲಿನಲ್ಲಿಯೇ ಗೋಡೆಯ ಮೊಳೆಗೆ ತೂಗುಬಿದ್ದ ಏರ್‌ಗನ್ನೊಂದು ಕಾಣಸಿಗುವುದು ಅಪರೂಪವೇನಲ್ಲ. ಅದರ ಮರದ ಹಿಡಿಯ ಮೇಲೆ ಧೂಳು ಕುಳಿತಿರುತ್ತದೆ. ನಳಿಗೆಯ ಬಾಯಲ್ಲಿ ಜೇಡವೊಂದು ನಿಶ್ಚಿಂತೆಯಿಂದ ಸಂಸಾರ ಹೂಡಿರುತ್ತದೆ. ಮನೆಯ ಯಜಮಾನನನ್ನು ಅದರ ವಿಷಯವಾಗಿ ವಿಚಾರಿಸಿದರೆ, ಭತ್ತದ ಧಾರಣೆಯ ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲ ಆ ಮನುಷ್ಯನು, "ಅದರ ಸುದ್ದಿ ಬಿಡ್ರಿ" ಎಂದು ಚಹದ ಕಪ್ಪನ್ನು ಮುಂದಕ್ಕೆ ಸರಿಸುತ್ತಾನೆ.

ಬಿಡಬೇಕಾದ ಸುದ್ದಿ ಅದಲ್ಲವೆಂಬುದು ನನ್ನ ಅಭಿಪ್ರಾಯ. ಒಂದು ಉಪಕರಣವು ಇಷ್ಟೊಂದು ಮನೆಗಳನ್ನು ಆಸೆಯಿಂದ ಪ್ರವೇಶಿಸಿ, ಇಷ್ಟೊಂದು ಮನೆಗಳಲ್ಲಿ ಮೌನವಾಗಿ ಮೊಳೆಗೇರುವುದಾದರೆ, ದೋಷವು ಕೇವಲ ಆ ಉಪಕರಣದ್ದೆಂದು ತೀರ್ಮಾನಿಸಿಬಿಡುವುದು ಅವಸರದ ಮಾತಾದೀತು.

ಇದನ್ನು ಕೊಳ್ಳುವ ಅಗತ್ಯವಾದರೂ ಏಕೆ ಬಂದಿತೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹಳಿಯಾಳ ಮುಂಡಗೋಡುಗಳ ಗೋವಿನಜೋಳದ ಹೊಲದಲ್ಲಿ ತೆನೆಗೆ ಹಾಲು ತುಂಬುವ ಹೊತ್ತಿಗೆ ಗಿಳಿಗಳ ಹಿಂಡು ಇಳಿಯುತ್ತದೆ. ಭತ್ತ ಹೊಡೆಬಿಚ್ಚಿದ ಮೇಲೆ ಹಂದಿ, ನವಿಲು, ಕೆಲವು ವರ್ಷ ಆನೆಗಳೂ ಬರುತ್ತವೆ. ಅಡಿಕೆ ಬಾಳೆ ತೆಂಗುಗಳಿರುವ ತೋಟದಲ್ಲಂತೂ ಮಂಗ ಮತ್ತು ಮುಸಿಯಗಳಿಗೆ ಋತುಭೇದವೆಂಬುದೇ ಇಲ್ಲ. ಜೋಯಿಡಾದ ಕುಣಬಿಗಳು ತಲೆತಲಾಂತರದಿಂದ ಬೆಳೆದುಕೊಂಡು ಬಂದ, ಈಗ ವರ್ಷಕ್ಕೊಮ್ಮೆ ಗೆಡ್ಡೆಗೆಣಸು ಮೇಳದಲ್ಲಿ ಪೇಟೆಯವರ ಮುಂದೆ ಹರಡಿ ಕೂಡುವ ಗೆಡ್ಡೆಗಳು ನೆಲದೊಳಗೆ ಅಡಗಿರುವುದರಿಂದ ಮಂಗನ ಕಣ್ಣನ್ನು ತಪ್ಪಿಸಿಕೊಂಡಾವು. ಹಂದಿಯ ಮೂಗನ್ನು ತಪ್ಪಿಸಿಕೊಳ್ಳಲಾರವು. ಮಾಳದ ಮೇಲೆ ಕುಳಿತು ರಾತ್ರಿಯೆಲ್ಲ ಕೂಗುಹಾಕುವ ಗಂಡಾಳುಗಳು ಮನೆಯಲ್ಲಿದ್ದ ಕಾಲ ಹೋಯಿತು. ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಗೋವೆಯ ಹೋಟೆಲುಗಳಿಗೋ ಸೇರಿದ ಮೇಲೆ ಉಳಿದ ಮುದುಕನೊಬ್ಬನಿಗೆ, ತನ್ನ ಗಂಟಲಿಗಿಂತ ದೂರ ಹೋಗಬಲ್ಲ ಏನಾದರೊಂದು ಬೇಕಾಗುತ್ತದೆ.

ನಿಜವಾದ ಕೋವಿಯನ್ನೇ ಇಟ್ಟುಕೊಳ್ಳಬಾರದೇಕೆ ಎಂದರೆ, ಅಲ್ಲಿ 1959ರ ಶಸ್ತ್ರ ಕಾಯಿದೆಯು ಅಡ್ಡ ನಿಲ್ಲುತ್ತದೆ. ಬೆಳೆರಕ್ಷಣೆಗೆಂದು ಪರವಾನಗಿ ಕೊಡುವ ಪದ್ಧತಿಯುಂಟು; ಅಜ್ಜನ ಕಾಲದ ಕೇಪಿನ ಕೋವಿಯನ್ನೋ ಒಂಟಿ ನಳಿಗೆಯ ತೋಟೆಕೋವಿಯನ್ನೋ ಪರವಾನಗಿಯ ಪುಸ್ತಕದೊಡನೆ ಜೋಪಾನಮಾಡಿಕೊಂಡ ಮನೆಗಳೂ ಉಂಟು. ಆದರೆ ಹೊಸದಾಗಿ ಅರ್ಜಿ ಕೊಟ್ಟವನು ಪಹಣಿಪತ್ರ, ಪೊಲೀಸರ ವರದಿ, ಅರಣ್ಯ ಇಲಾಖೆಯ ಅಭಿಪ್ರಾಯ ಇತ್ಯಾದಿಗಳ ಬೆನ್ನುಹತ್ತಿ ತಿರುಗುವಷ್ಟರಲ್ಲಿ ಎರಡು ಫಸಲು ಮಂಗನ ಪಾಲಾಗಿರುತ್ತವೆ. ಪರವಾನಗಿ ಇದ್ದವನ ಪಾಡೂ ಸುಖದ್ದಲ್ಲ; ಚುನಾವಣೆ ಘೋಷಣೆಯಾಯಿತೆಂದರೆ ಕೋವಿಯನ್ನು ಠಾಣೆಯಲ್ಲಿ ಜಮೆ ಮಾಡಬೇಕು, ಮತ್ತು ಪ್ರಜಾಪ್ರಭುತ್ವದ ಆ ಪರ್ವಕಾಲವು ಫಸಲು ಕೈಗೆ ಬರುವ ಕಾಲವೇ ಆಗಿದ್ದರೆ ಅದನ್ನು ಹಂದಿಗಳಿಗೆ ಮನದಟ್ಟು ಮಾಡುವ ಉಪಾಯವಿಲ್ಲ. ಇದೇ ರಾಜ್ಯದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಹೊಂದುವ ವಿನಾಯಿತಿಯು ಆಂಗ್ಲರ ಕಾಲದಿಂದ ನಡೆದುಬಂದಿದ್ದು, ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕಾಳಿ ನದಿಯ ಸೀಮೆಗೆ ಅಂಥ ಭಾಗ್ಯವಿಲ್ಲ.

ಆದುದರಿಂದ ರೈತನ ದೃಷ್ಟಿಯು ಪರವಾನಗಿ ಬೇಡದ ಕೋವಿಯ ಮೇಲೆ ಬೀಳುತ್ತದೆ. ಈಗ ಜಾರಿಯಲ್ಲಿರುವ 2016ರ ಶಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ರಂಧ್ರವು 4.5 ಮಿಲಿಮೀಟರನ್ನೂ ನಳಿಗೆಯ ಬಾಯಲ್ಲಿ ಪೆಲೆಟ್ಟಿಗಿರುವ ಶಕ್ತಿಯು 20 ಜೂಲನ್ನೂ ಮೀರದ ಏರ್‌ಗನ್ನನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಹುಬ್ಬಳ್ಳಿ ಬೆಳಗಾವಿಗಳ ಅಂಗಡಿಯವನು ಈ ವಾಕ್ಯದ ಉತ್ತರಾರ್ಧವನ್ನು ಮಾತ್ರ ಗಿರಾಕಿಗೆ ಹೇಳುತ್ತಾನೆ. "ಲೈಸೆನ್ಸ್ ಬೇಕಿಲ್ರಿ" ಎಂಬುದೇ ಅವನ ಪಾಲಿಗೆ ಆ ವಸ್ತುವಿನ ಪರಮ ಗುಣ. ಏಕೆ ಬೇಕಿಲ್ಲವೆಂದು ಗಿರಾಕಿಯೂ ಕೇಳುವುದಿಲ್ಲ. ಕೇಳಿದ್ದರೆ, ಸರಕಾರವು ಅದನ್ನು ಬಿಟ್ಟುಕೊಟ್ಟಿರುವುದು ಅದರ ದೌರ್ಬಲ್ಯವನ್ನು ಅಳೆದು ನೋಡಿದ ಮೇಲೆಯೇ ಎಂಬ ಸಂಗತಿ ಅಂಗಡಿಯ ಹೊಸ್ತಿಲಲ್ಲಿಯೇ ಹೊರಬೀಳುತ್ತಿತ್ತು.

ಜೂಲ್ ಎಂದರೆ ಕಣ್ಣಿಗೆ ಕಟ್ಟುವ ಪ್ರಮಾಣವಲ್ಲವಾದುದರಿಂದ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಂ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ನಳಿಗೆಯನ್ನು ಬಿಟ್ಟಿತೆಂದರೆ ಅದರಲ್ಲಿರುವ ಶಕ್ತಿ 10 ಜೂಲ್. ಒಂದು ಕಿಲೋ ತೂಕದ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಕೈಬಿಟ್ಟಾಗ, ನೆಲ ಮುಟ್ಟುವ ಕ್ಷಣದಲ್ಲಿ ಅದಕ್ಕಿರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಹನ್ನೆರಡು ಬೋರಿನ ತೋಟೆಕೋವಿಯಲ್ಲಾದರೆ ಅದು ಎರಡು ಸಾವಿರ ಜೂಲನ್ನು ಮೀರುತ್ತದೆ. ಅದೂ ಅಲ್ಲದೆ, ನಡು ಸಣ್ಣದಾಗಿ ಹಿಂಭಾಗ ಪೊಳ್ಳಾಗಿರುವ ಈ ಸೀಸದ ತುಣುಕು ಗಾಳಿಯ ತಡೆಗೆ ಬಲುಬೇಗ ಸೋಲುತ್ತದೆ. ಮೂವತ್ತು ಮೀಟರ್ ಸಾಗುವಷ್ಟರಲ್ಲಿ ಗುರಿಯ ರೇಖೆಯಿಂದ ಒಂದು ಗೇಣಿನ ಅರ್ಧಕ್ಕೂ ಹೆಚ್ಚು ಕೆಳಗೆ ಜಾರಿರುತ್ತದೆ. ಅಡಿಕೆಮರದ ತುದಿಯೋ ಐವತ್ತು ಅರವತ್ತು ಅಡಿ ಮೇಲೆ. ಮಂಗನು ಕೂತಿರುವುದು ಹಿಂಗಾರದ ಮರೆಯಲ್ಲಿ. ಕೋವಿ ಹಿಡಿದವನ ವಯಸ್ಸು ಎಪ್ಪತ್ತು. ಹಾಗೆಂದು ಇದನ್ನು ಆಟಿಕೆಯೆಂದು ಬಗೆಯತಕ್ಕದ್ದಲ್ಲ. ಹತ್ತಿರದಿಂದ ಹೊಡೆದ ಪೆಲೆಟ್ಟಿಗೆ ಮಗುವಿನ ಕಣ್ಣನ್ನು ಶಾಶ್ವತವಾಗಿ ಕಳೆಯುವಷ್ಟು ಶಕ್ತಿ ಧಾರಾಳವಾಗಿಯೇ ಇದೆ.

ಇನ್ನು ಯಂತ್ರದ ವಿಷಯ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ನಳಿಗೆಯನ್ನು ನಡುವೆ ಮುರಿದು ಬಗ್ಗಿಸುವ ಜಾತಿ. ಹಿಡಿಯನ್ನು ತೊಡೆಗೊತ್ತಿಕೊಂಡು ನಳಿಗೆಯ ತುದಿಯನ್ನು ಕೆಳಕ್ಕೆ ಜಗ್ಗಿದಾಗ, ಕೀಲಿನ ಕೆಳಗಿನ ಸನ್ನೆಯೊಂದು ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಅದರ ಬೆನ್ನಿಗಿರುವ ಉಕ್ಕಿನ ಸ್ಪ್ರಿಂಗು ಮುದುಡಿಕೊಂಡು ಕೊಂಡಿಗೆ ಸಿಕ್ಕಿ 'ಖಟ್' ಎನ್ನುತ್ತದೆ. ಬಾಯ್ದೆರೆದ ನಳಿಗೆಯ ಬುಡದಲ್ಲಿ ಪೆಲೆಟ್ಟನ್ನು ಹೆಬ್ಬೆರಳಿನಿಂದ ಅದುಮಿ ಕೂಡಿಸಿ ನಳಿಗೆಯನ್ನು ಮುಚ್ಚಬೇಕು. ಟ್ರಿಗರ್ ಎಳೆದೊಡನೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ಎಸೆಯುತ್ತದೆ, ಪಿಸ್ಟನ್ನು ಮುಂದಿನ ಗಾಳಿಯನ್ನು ಹಿಂಡುತ್ತದೆ, ಹಿಂಡಿದ ಗಾಳಿಯು ಪೆಲೆಟ್ಟನ್ನು ಹೊರದೂಡುತ್ತದೆ. ಈ ಸಮಸ್ತ ಶಕ್ತಿಪರಂಪರೆಯು ಪಿಸ್ಟನ್ನಿನ ತಲೆಗೆ ತೊಡಿಸಿದ ಒಂದು ಚಿಕ್ಕ ವಾಷರಿನ ಮೇಲೆಯೂ ನಳಿಗೆಯ ಬುಡಕ್ಕೆ ಕೂಡಿಸಿದ ಅದಕ್ಕಿಂತ ಚಿಕ್ಕದಾದ ಇನ್ನೊಂದು ವಾಷರಿನ ಮೇಲೆಯೂ ನಿಂತಿದೆ. ಹಳೆಯ ಕೋವಿಗಳಲ್ಲಿ ಇವು ಚರ್ಮದವು. ಹೊಸವುಗಳಲ್ಲಿ ರಬ್ಬರು ಪ್ಲಾಸ್ಟಿಕ್ಕಿನ ಬಗೆಯವು. ಇವುಗಳಲ್ಲೊಂದು ಬಿರುಕು ಬಿಟ್ಟಿತೋ, ಹಿಂಡಿದ ಗಾಳಿಯ ಅರ್ಧಾಂಶವು ಪೆಲೆಟ್ಟಿನ ಗೊಡವೆಗೇ ಹೋಗದೆ ಪಕ್ಕದಿಂದ ಜಾರಿಕೊಳ್ಳುತ್ತದೆ.

ನನ್ನಲ್ಲಿರುವ ಏರ್‌ಗನ್ನು ಈ ಎಲ್ಲ ವ್ಯಾಧಿಗಳನ್ನೂ ಕ್ರಮವಾಗಿ ಅನುಭವಿಸಿದೆ. ಮೊದಲ ಮಳೆಗಾಲದಲ್ಲಿಯೇ ಅದರ ನಳಿಗೆಯ ಮೇಲಿನ ಕಪ್ಪು ಹೊಳಪು ಹೋಗಿ ತುಕ್ಕಿನ ಕೆಂಪು ಚುಕ್ಕೆಗಳು ಮೂಡಿದವು. ಕ್ಯಾಸಲ್‌ರಾಕಿನ ಕಡೆಯ ಮಳೆಯೊಡನೆ ಹೋಲಿಸಿದರೆ ನಮ್ಮದು ಮಳೆಯೇ ಅಲ್ಲ, ಆದರೂ ಉಕ್ಕಿಗೆ ಅಷ್ಟು ತಂಪೇ ಸಾಕಾಯಿತು. ತುಕ್ಕಿಗೆಂದು ಮನೆಯವರು ಕೊಬ್ಬರಿ ಎಣ್ಣೆ ಸವರಿದರು. ಮಾರ್ಗಶಿರದ ಚಳಿಯಲ್ಲಿ ಆ ಎಣ್ಣೆಯು ಒಳಗೆ ಹೆಪ್ಪುಗಟ್ಟಿ, ಬೆಳಗಿನ ಜಾವ ಟ್ರಿಗರ್ ಎಳೆದಾಗ ಪಿಸ್ಟನ್ನು ನಿದ್ದೆಗಣ್ಣಿನಲ್ಲಿ ಎದ್ದುಬಂದವನ ಹಾಗೆ ಮುಂದಕ್ಕೆ ತೆವಳಿತು. ಪೆಲೆಟ್ಟು ನಳಿಗೆಯ ನಡುವೆಯೇ ನಿಂತುಹೋಗಿ, ಅದನ್ನು ಕೊಡೆಯ ಕಡ್ಡಿಯಿಂದ ಹಿಂದಕ್ಕೆ ನೂಕಬೇಕಾಯಿತು. ಮಂಗಗಳು ಈ ಕಾರ್ಯಕ್ರಮವನ್ನು ಎದುರಿನ ಹಲಸಿನ ಮರದಿಂದ ಸಾವಧಾನವಾಗಿ ವೀಕ್ಷಿಸಿದವು.

ಮಾರಿದ ಅಂಗಡಿಯವರು ಬಿಡಿಭಾಗಗಳ ಮಾತನ್ನೇ ಮುಂದಿನ ತಿಂಗಳಿಗೆ ದೂಡುತ್ತ ಬಂದುದರಿಂದ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹಳಿಯಾಳದ ಪೇಟೆಯಲ್ಲಿ ಸೈಕಲ್ಲು, ಸ್ಟೋವು, ಔಷಧಿ ಹೊಡೆಯುವ ಪಂಪು ಇವೆಲ್ಲವನ್ನೂ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದೆನು. ಅವರು ತಿರುಪುಗಳನ್ನು ಬಿಚ್ಚಿ, ಸ್ಪ್ರಿಂಗು ಹಾರಿ ಮುಖಕ್ಕೆ ಬಡಿಯದಂತೆ ಹಳೆಯ ಟಯರಿನ ತುಂಡನ್ನು ಅಡ್ಡ ಹಿಡಿದು, ಪಿಸ್ಟನ್ನನ್ನು ಹೊರಗೆಳೆದರು. ಅದರ ತಲೆಯ ಚರ್ಮವನ್ನು ಉಗುರಿನಿಂದ ಕೆರೆದರೆ ಹುಡಿಹುಡಿಯಾಗಿ ಉದುರಿತು.

"ಇದು ಒಣಗಿ ಕಟಗಿ ಆಗೇತ್ರಿ ಸರ. ಗಾಳಿ ಎಲ್ಲಾ ಬಾಜೂಕ ಹೋಗಾಕತ್ತೈತಿ."

"ಮ್ಯಾಲಿಂದ ಎಣ್ಣಿ ಬಿಟ್ಟರ ನಡಿಯೂದಿಲ್ಲೇನು, ಕಾಕಾ?"

"ಭಾಳ ಬಿಟ್ಟರ ಹೊಗಿ ಬರತೈತ್ರಿ. ಕಡಿಮಿ ಬಿಟ್ಟರ ಗಾಳಿ ಹೋಗತೈತಿ. ನಡುವ ಎಷ್ಟು ಬಿಡಬೇಕಂತ ಅದಕ್ಕಷ್ಟ ಗೊತ್ತ್ರಿ."

ಹೊಗೆಯ ಮಾತು ಅಲಂಕಾರವಲ್ಲ. ಪಿಸ್ಟನ್ನಿನ ಮುಂದೆ ಎಣ್ಣೆ ಹೆಚ್ಚಾದರೆ, ಗಾಳಿಯು ಹಠಾತ್ತಾಗಿ ಹಿಂಡಲ್ಪಟ್ಟಾಗ ಹುಟ್ಟುವ ಶಾಖಕ್ಕೆ ಆ ಎಣ್ಣೆಯು ಡೀಸೆಲ್ ಎಂಜಿನ್ನಿನೊಳಗಿನ ಇಂಧನದಂತೆಯೇ ಹೊತ್ತಿಕೊಳ್ಳುತ್ತದೆ. ನಳಿಗೆಯಿಂದ ನೀಲಿ ಹೊಗೆಯೂ ಸುಟ್ಟ ಎಣ್ಣೆಯ ನಾತವೂ ಹೊರಟು, ಶಬ್ದ ಮಾತ್ರ ಒಂದಿಷ್ಟು ಗಟ್ಟಿಯಾಗಿ ಕೇಳಿಸುತ್ತದೆ. ಇದು ಸ್ಪ್ರಿಂಗನ್ನೂ ವಾಷರನ್ನೂ ಹಾಳುಮಾಡುವ ಕೇಡೆಂದು ತಿಳಿದವರು ಎಚ್ಚರಿಸುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ಬೇಕೆಂತಲೇ ಎಣ್ಣೆ ಸುರಿದು ಈ ಕೇಡನ್ನು ಆಹ್ವಾನಿಸುವ ರೈತರಿದ್ದಾರೆ, ಮತ್ತು ಅವರು ಮೂಢರಲ್ಲ. ಅವರಿಗೆ ಬೇಕಾಗಿದ್ದುದು ಏನೆಂಬುದನ್ನು ಈ ಒಂದು ವರ್ತನೆಯೇ ಬಯಲುಮಾಡುತ್ತದೆ. ಆ ವಿಷಯಕ್ಕೆ ಮತ್ತೆ ಬರುತ್ತೇನೆ. ಹಿರಿಯರು ಪಂಪಿನ ಚರ್ಮದಿಂದ ಬಿಲ್ಲೆಯೊಂದನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಹಾಕಿ, ಮರುದಿನ ಕೂಡಿಸಿಕೊಟ್ಟರು. ಅದು ಕಾರ್ಖಾನೆಯ ವಾಷರಿಗಿಂತ ಹೆಚ್ಚು ಕಾಲ ಬಾಳಿತೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಯಂತ್ರವು ಸರಿಯಿದ್ದರೂ ಗುರಿಯು ಸರಿಯಾಗುವುದೆಂಬ ಭರವಸೆಯಿಲ್ಲ. ಬಾರೂದಿನ ಕೋವಿಯು ಒಮ್ಮೆ ಹಿಂದಕ್ಕೆ ಒದೆಯುತ್ತದೆ, ಅಷ್ಟೇ. ಸ್ಪ್ರಿಂಗಿನ ಏರ್‌ಗನ್ನಾದರೋ ಪಿಸ್ಟನ್ನು ಹೊರಟಾಗ ಹಿಂದಕ್ಕೂ ಅದು ಮುಂದಿನ ಗೋಡೆಯನ್ನು ಸಮೀಪಿಸಿ ತಡೆದಾಗ ಮುಂದಕ್ಕೂ ಹೀಗೆ ಎರಡು ಬಾರಿ ಕುಲುಕುತ್ತದೆ, ಮತ್ತು ಪೆಲೆಟ್ಟು ಆ ವೇಳೆಗೆ ಇನ್ನೂ ನಳಿಗೆಯನ್ನು ಬಿಟ್ಟಿರುವುದೇ ಇಲ್ಲ. ಆದುದರಿಂದ ಗಟ್ಟಿಯಾಗಿ ಭುಜಕ್ಕೊತ್ತಿ ಹಿಡಿದಷ್ಟೂ ಗುರಿ ಕೆಡುತ್ತದೆ. ಅಂಗೈ ಮೇಲೆ ಸುಮ್ಮನೆ ಇರಿಸಿಕೊಂಡು ಅದರ ಕುಲುಕಾಟಕ್ಕೆ ಅದನ್ನು ಬಿಟ್ಟುಬಿಡಬೇಕು. ಕೋವಿಯನ್ನು ಬಿಗಿಯಾಗಿ ಹಿಡಿಯಬೇಕೆಂದು ತಂದೆಯಿಂದ ಕಲಿತು ಬಂದ ಬೇಟೆಗಾರರ ಮಗನಿಗೆ ಇದು ತಲೆಕೆಳಗಾದ ವಿದ್ಯೆ. ಈ ಎರಡು ಬಗೆಯ ಕುಲುಕಾಟವನ್ನು ತಾಳಲಾರದೆ ಅಗ್ಗದ ದುರ್ಬೀನುಗಳು ಕೆಲವೇ ವಾರಗಳಲ್ಲಿ ಒಳಗಿಂದೊಳಗೆ ಸಡಿಲವಾಗಿ, ಗೆರೆಯೊಂದು ಓರೆಯಾಗಿ ನಿಂತುಬಿಡುತ್ತದೆ. ಪೆಲೆಟ್ಟುಗಳ ಡಬ್ಬಿಯನ್ನು ಅಂಗೈಗೆ ಸುರಿದುಕೊಂಡು ನೋಡಿದರೆ ಕೆಲವು ಸೊಟ್ಟ, ಕೆಲವು ಚಪ್ಪಟೆ, ಕೆಲವಕ್ಕೆ ಬಿಳಿಯ ಹುಡಿ ಹತ್ತಿರುತ್ತದೆ. ಒಂದು ನಳಿಗೆಯಲ್ಲಿ ಸಡಿಲವಾಗಿ ಜಾರಿದರೆ ಇನ್ನೊಂದನ್ನು ಹೆಬ್ಬೆರಳು ನೋಯುವಷ್ಟು ಒತ್ತಬೇಕಾಗುತ್ತದೆ. ಒಂದೇ ಡಬ್ಬಿಯ ಎರಡು ಪೆಲೆಟ್ಟುಗಳು ಒಂದೇ ಕಡೆ ಹೋಗಬೇಕೆಂದು ನಿರೀಕ್ಷಿಸುವುದೇ ಅತ್ಯಾಶೆ.

ಗಾಳಿಕೋವಿಯ ಕುರಿತಾದ ಈ ನಿರಾಶೆಯು ನಮ್ಮಲ್ಲಿ ಆರಂಭವಾದುದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಆಸ್ಟ್ರಿಯಾದ ಸೈನ್ಯವು ಜಿರಾರ್ದೋನಿ ಎಂಬ ಶಿಲ್ಪಿಯು ನಿರ್ಮಿಸಿದ ವಾಯುಬಂದೂಕವನ್ನು ಕೆಲಕಾಲ ಬಳಕೆಗೆ ತಂದಿತು. ಹೊಗೆಯಿಲ್ಲ, ಬೆಂಕಿಯ ಮಿಂಚಿಲ್ಲ, ಒಂದಾದಮೇಲೊಂದರಂತೆ ಇಪ್ಪತ್ತು ಗುಂಡುಗಳನ್ನು ಹಾರಿಸಬಲ್ಲುದು; ಕಾಗದದ ಮೇಲೆ ಅದ್ಭುತವೇ ಸರಿ. ಆದರೆ ಅದರ ಗಾಳಿಯ ಬುರುಡೆಯನ್ನು ತುಂಬಲು ಸುಮಾರು ಸಾವಿರದೈನೂರು ಬಾರಿ ಪಂಪು ಹೊಡೆಯಬೇಕಾಗಿತ್ತು, ಚರ್ಮದ ವಾಷರುಗಳನ್ನು ಸದಾ ಒದ್ದೆಯಾಗಿಟ್ಟು ಉಪಚರಿಸಬೇಕಾಗಿತ್ತು, ಸೋರಿದರೆ ರಣರಂಗದಲ್ಲಿ ಸರಿಪಡಿಸುವವರಿರಲಿಲ್ಲ. ಸೈನ್ಯವು ಅದನ್ನು ಕೈಬಿಟ್ಟಿತು. ಅಮೆರಿಕದ ಲೂಯಿಸ್ ಮತ್ತು ಕ್ಲಾರ್ಕರು 1804ರಲ್ಲಿ ಪಶ್ಚಿಮದ ಕಡೆಗೆ ಪಯಣಿಸಿದಾಗ ತಮ್ಮೊಡನೆ ವಾಯುಬಂದೂಕವೊಂದನ್ನು ಒಯ್ದಿದ್ದು, ಹಾದಿಯಲ್ಲಿ ಎದುರಾದ ಮೂಲನಿವಾಸಿಗಳ ಮುಂದೆ ಅದನ್ನು ಹಾರಿಸಿ ತೋರಿಸಿ ಬೆರಗುಗೊಳಿಸುತ್ತಿದ್ದರು. ಜನರನ್ನು ಬೆರಗುಗೊಳಿಸುವ ಮಟ್ಟಿಗೆ ಅದು ಸಾರ್ಥಕವಾಯಿತು. ನಮ್ಮ ಮಂಗಗಳು ಅಷ್ಟಕ್ಕೂ ಒಪ್ಪುವುದಿಲ್ಲ.

ಮಂಗನು ಏನನ್ನು ಒಪ್ಪುತ್ತಾನೆಂಬುದರಲ್ಲಿಯೇ ಈ ಸಮಸ್ಯೆಯ ಮರ್ಮವಡಗಿದೆ. ಗರ್ನಾಲು ಸಿಡಿದರೆ ಹಿಂಡಿಗೆ ಹಿಂಡೇ ಕಾಡಿಗೆ ಓಡುತ್ತದೆ; ನಾಯಿ ಬೊಗಳಿದರೆ ಮರವೇರುತ್ತದೆ; ಏರ್‌ಗನ್ನಿನ ಸದ್ದಿಗೆ ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಎಳೆಯಡಿಕೆಯನ್ನು ಮುಗಿಸಿ, ಪಕ್ಕದ ಮರಕ್ಕೆ ಜಿಗಿಯುತ್ತದೆ. ಮೊದಮೊದಲು ಕೋವಿಯ ಆಕಾರವನ್ನು ಕಂಡೇ ಓಡುತ್ತಿದ್ದ ಮಂಗಗಳು ಬಹುಬೇಗನೆ, ಕೋವಿ ಹಿಡಿದವನು ನಳಿಗೆಯನ್ನು ಮುರಿದು ಮುಚ್ಚುವವರೆಗೆ ಅಪಾಯವಿಲ್ಲವೆಂಬುದನ್ನು ಕಂಡುಕೊಳ್ಳುತ್ತವೆ. ಬೆಳೆ ಕಾಯುವವನಿಗೆ ಬೇಕಾದುದು ಭಯ. ಭಯವು ಹುಟ್ಟುವುದು ಸದ್ದಿನಿಂದ. ಏರ್‌ಗನ್ನಿನಲ್ಲಿರುವುದು ಸೀಸವೇ ಹೊರತು ಸದ್ದಲ್ಲ. ಕೇಪಿನ ಕೋವಿಗೆ ಬರಿಯ ಬಾರೂದು ತುಂಬಿ ಆಕಾಶಕ್ಕೆ ಹಾರಿಸಿದರೆ ಒಂದು ಜೀವಕ್ಕೂ ಗಾಯವಾಗದೆ ಇಡೀ ತೋಟ ತೆರವಾಗುತ್ತದೆ. ಏರ್‌ಗನ್ನನ್ನು ಆಕಾಶಕ್ಕೆ ಹಾರಿಸುವುದರಲ್ಲಿ ಅರ್ಥವೇ ಇಲ್ಲವಾದುದರಿಂದ ಅದನ್ನು ಹಿಡಿದವನು ಅನಿವಾರ್ಯವಾಗಿ ಪ್ರಾಣಿಯ ಮೈಗೇ ಗುರಿಯಿಡುತ್ತಾನೆ. ಸದ್ದು ಮಾಡುವ ಕೋವಿಯು ಅಪಾಯಕರವೆಂದು ಬಿಗಿಹಿಡಿದು, ಸದ್ದಿಲ್ಲದೆ ಗಾಯಮಾಡುವುದನ್ನು ನಿರಪಾಯವೆಂದು ಬಿಟ್ಟುಕೊಟ್ಟ ನಿಯಮವು, ಮನುಷ್ಯರ ನಡುವಣ ಕಲಹಗಳನ್ನು ಕಣ್ಣ ಮುಂದಿಟ್ಟುಕೊಂಡು ರಚಿತವಾದುದು. ತೋಟದ ಬೇಲಿಯ ಹತ್ತಿರ ಅದು ಬಂದು ನೋಡಿದ ಹಾಗೆ ತೋರುವುದಿಲ್ಲ.

ಇನ್ನೊಂದು ಕಾಯಿದೆಯಾದರೋ ಬೇಲಿಯ ಹತ್ತಿರವೇ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಪ್ರಾಣಿಯನ್ನು ಕೊಲ್ಲುವುದನ್ನಷ್ಟೇ ಅಲ್ಲ, ಗಾಯಗೊಳಿಸುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಪ್ರಾಣಿಗೆ ಗಾಯಮಾಡಬಲ್ಲ ಯಾವ ಸಾಧನವೂ ಅದರ ವ್ಯಾಖ್ಯೆಯಲ್ಲಿ ಆಯುಧವೇ. ಶಸ್ತ್ರ ಕಾಯಿದೆಯ ಕಚೇರಿಯಲ್ಲಿ ಲೆಕ್ಕಕ್ಕಿಲ್ಲದ ಏರ್‌ಗನ್ನು ಅರಣ್ಯಾಧಿಕಾರಿಯ ಕಚೇರಿಯನ್ನು ತಲಪುವಷ್ಟರಲ್ಲಿ ಪೂರ್ಣಪ್ರಮಾಣದ ಆಯುಧವಾಗಿ ಬೆಳೆದಿರುತ್ತದೆ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಇವೆರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು. ಹೀಗೆ ಕಾಡಿನ ಗೌರವವು ಏರುತ್ತ ಬಂದ ಹಾಗೆಲ್ಲ, ಅದರೊಳಗೆ ಮತ್ತು ಅಂಚಿನಲ್ಲಿ ಉಳಿದ ಜೋಯಿಡಾದ ಹಳ್ಳಿಯವನು ಏರ್‌ಗನ್ನನ್ನು ಹೆಗಲಿಗೇರಿಸಿ ಓಣಿ ದಾಟುವುದೂ ಪ್ರಶ್ನಾರ್ಹವಾಯಿತು. ಅಭಯಾರಣ್ಯದೊಳಕ್ಕೆ ಅನುಮತಿಯಿಲ್ಲದೆ ಆಯುಧ ಒಯ್ಯುವುದೇ ಅಪರಾಧ. ನಮ್ಮ ಸಾಮಾನ್ಯ ಮಂಗವೂ 2022ರ ತಿದ್ದುಪಡಿಯ ತರುವಾಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಪಂಕ್ತಿಯಲ್ಲಿಯೇ ಕುಳಿತಿದೆ. ಅದನ್ನು ಬೇಟೆಯಾಡಿದವನಿಗೆ ಮೂರರಿಂದ ಏಳು ವರ್ಷ ಸೆರೆವಾಸ. ನವಿಲಿನ ಮಾತಂತೂ ಹೇಳುವುದೇ ಬೇಡ.

ಕಾಯಿದೆಯ ಭಯವು ಪಕ್ಕಕ್ಕಿರಲಿ. ಪೆಲೆಟ್ಟು ತಾಗಿದ ಪ್ರಾಣಿಯ ಗತಿಯೇನು? ಅದು ಅಲ್ಲಿಯೇ ಸಾಯುವುದಿಲ್ಲ. ಕಾಲಿಗೋ ಹೊಟ್ಟೆಗೋ ಸೀಸವನ್ನು ಹೊತ್ತುಕೊಂಡು ಕಾಡಿನೊಳಗೆ ಸರಿಯುತ್ತದೆ, ಕೊಳೆಯುತ್ತದೆ, ದಿನಗಳನ್ನು ಎಣಿಸುತ್ತದೆ. ಹನುಮಪ್ಪನಿಗೆ ಶನಿವಾರ ಕಾಯಿ ಒಡೆಸುವ ರೈತನು ಇದನ್ನು ಅರಿಯದವನಲ್ಲ. ಮೊಳೆಗೆ ತೂಗುಬಿದ್ದ ಕೋವಿಗಳಲ್ಲಿ ಕೆಲವಾದರೂ ವಾಷರು ಹರಿದುದರಿಂದಲ್ಲ, ಒಮ್ಮೆ ಗುರಿ ಸರಿಯಾಗಿ ಬಿದ್ದುದರಿಂದಲೇ ಅಲ್ಲಿಗೇರಿದವು. ಇದರ ಮೇಲೆ ಮಂಗನ ಕಾಯಿಲೆಯ ಅಂಜಿಕೆ ಬೇರೆ. 1957ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾಗಿ ಉಣ್ಣೆಗಳ ಮೂಲಕ ಹರಡುವ ಆ ರೋಗದ ದೆಸೆಯಿಂದ, ನಮ್ಮ ಜಿಲ್ಲೆಯಲ್ಲಿಯೂ ಕಾಡಂಚಿನಲ್ಲಿ ಸತ್ತ ಮಂಗವೊಂದು ಕಂಡಿತೆಂದರೆ ಊರಿಗೆ ಊರೇ ಕಳವಳಗೊಳ್ಳುತ್ತದೆ. ಅದು ಪೆಲೆಟ್ಟಿನ ಗಾಯದಿಂದ ಸತ್ತದ್ದೋ ರೋಗದಿಂದಲೋ ಎಂದು ಹತ್ತಿರ ಹೋಗಿ ನೋಡುವವರಾರು?

ಹಕ್ಕಿಗಳ ಪಾಲಿಗೆ ಮಾತ್ರ ಈ ದುರ್ಬಲ ಆಯುಧವೇ ಯಮದಂಡ. ಅರುಣಾಚಲ ಪ್ರದೇಶದಲ್ಲಿ ಹುಡುಗರ ಕೈಯ ಏರ್‌ಗನ್ನುಗಳಿಂದ ಕಾಡಿನ ಹಕ್ಕಿಗಳು ವಿರಳವಾಗುತ್ತ ಬಂದುದನ್ನು ಕಂಡು, ಅಲ್ಲಿಯ ಸರಕಾರವು 2021ರಲ್ಲಿ ಏರ್‌ಗನ್ನುಗಳನ್ನು ಸ್ವಯಿಚ್ಛೆಯಿಂದ ಒಪ್ಪಿಸುವ ಆಂದೋಲನವನ್ನು ಹೂಡಿತು. ವರ್ಷವೊಂದು ತುಂಬುವುದರೊಳಗೆ 1,600ಕ್ಕೂ ಮಿಕ್ಕಿ ಕೋವಿಗಳು ಬಂದು ಬಿದ್ದವು. ಮಂಗಟ್ಟೆಹಕ್ಕಿಗಾಗಿಯೇ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೊಂದನ್ನು ಪಡೆದು, ಅದರ ಹೆಸರಿನಲ್ಲಿ ಹಬ್ಬವನ್ನೂ ಆಚರಿಸುವ ದಾಂಡೇಲಿಗೆ, ಮುಂಡಗೋಡಿನ ಅತ್ತಿವೇರಿಯಲ್ಲಿ ಕೆಂಬರಲು ಚಮಚಕೊಕ್ಕುಗಳ ಗೂಡನ್ನು ಕಾಯುವವರಿಗೆ, ಆ ದೂರದ ಗುಡ್ಡಗಳ ಸುದ್ದಿಯು ಅಷ್ಟೇನೂ ದೂರದ್ದಲ್ಲ. ಆದರೆ ನಮ್ಮಲ್ಲಿ ಕೋವಿಯನ್ನು ಒಪ್ಪಿಸೆಂದು ಕೇಳುವವರು, ಅದನ್ನು ಕೊಂಡವನ ತೆನೆಯನ್ನು ಕಾಯುವ ಬೇರೆ ಉಪಾಯವನ್ನು ಜೊತೆಗೇ ತರಬೇಕಾದೀತು.

ಬೇರೆ ಉಪಾಯವನ್ನು ರೈತರು ತಾವೇ ಹುಡುಕಿಕೊಂಡಿದ್ದಾರೆ, ಅದು ಇನ್ನೊಂದು ಕಥೆ. ಪಿ.ವಿ.ಸಿ. ಪೈಪಿನ ತುಂಡುಗಳನ್ನು ಜೋಡಿಸಿ, ಒಳಗೆ ಕಾರ್ಬೈಡಿನ ಹರಳು ಹಾಕಿ, ನೀರು ಚಿಮುಕಿಸಿ, ಹುಟ್ಟಿದ ಅನಿಲಕ್ಕೆ ಗ್ಯಾಸಿನ ಲೈಟರಿನಿಂದ ಕಿಡಿ ಕೊಟ್ಟರೆ ಗುಡ್ಡ ಮರುದನಿ ಕೊಡುವಂಥ ಸದ್ದು ಹೊರಡುತ್ತದೆ. ನೂರಿನ್ನೂರು ರೂಪಾಯಿಯ ವಸ್ತು. ಸೀಸವಿಲ್ಲ, ಗುರಿಯಿಲ್ಲ, ವಾಷರಿಲ್ಲ. ಮಂಗಗಳು ಓಡುತ್ತವೆ. ಆದರೆ ಹೊತ್ತಿಕೊಳ್ಳಲಿಲ್ಲವೇಕೆಂದು ಪೈಪಿನೊಳಗೆ ಇಣುಕಿದವನ ಕಣ್ಣಿಗೇ ಅದು ಸಿಡಿಯುವುದುಂಟು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಪೇಟೆಗಳಲ್ಲಿ ಇದನ್ನು ಪಟಾಕಿಯೆಂದು ಮಾರಿದ ಫಲವಾಗಿ ನೂರಕ್ಕೂ ಮಿಕ್ಕಿ ಜನರ, ಅದರಲ್ಲಿಯೂ ಹೆಚ್ಚಾಗಿ ಮಕ್ಕಳ ಕಣ್ಣುಗಳಿಗೆ ಪೆಟ್ಟಾಗಿ, ಅಲ್ಲಿ ಅದನ್ನು ನಿಷೇಧಿಸಬೇಕಾಯಿತು. ಸದ್ದಿನ ಹಸಿವು ಎಷ್ಟೆಂಬುದಕ್ಕೆ ನಮ್ಮ ಹೊಲಗಳಲ್ಲಿ ಈಗಲೂ ಕೇಳಿಬರುವ ಆ ಪೈಪಿನ ಗುಡುಗೇ ಸಾಕ್ಷಿ.

ಏರ್‌ಗನ್ನಿಗೂ ಒಂದು ಸ್ವಧರ್ಮವುಂಟೆಂಬುದನ್ನು ಮರೆಯಲಾಗದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದು, 2012ರಲ್ಲಿ ಗಗನ್ ನಾರಂಗ್ ಕಂಚು ಗೆದ್ದುದು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಪದಕ ಪಡೆದುದು, ಎಲ್ಲವೂ ಈ ಗಾಳಿಯ ಬಲದಿಂದಲೇ. ಅಲ್ಲಿ ದೂರ ಹತ್ತೇ ಮೀಟರ್. ರೈಫಲ್ಲಿನ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಪೆಲೆಟ್ಟಿನ ಶಕ್ತಿ ಏಳೆಂಟು ಜೂಲಿನ ಆಸುಪಾಸು, ಅಂದರೆ ಹಳಿಯಾಳದ ಗೋಡೆಯ ಮೇಲಿನ ಕೋವಿಗಿಂತಲೂ ಕಡಿಮೆ. ಗಾಳಿಯಾಡದ ಕೋಣೆಯಲ್ಲಿ, ಅಲುಗಾಡದ ಕಾಗದದೆದುರು, ಅದು ಲೋಕದಲ್ಲೇ ಅತ್ಯಂತ ನಿಷ್ಠಾವಂತ ಯಂತ್ರ. ಆ ಕೋವಿಗಳ ಬೆಲೆಯು ಲಕ್ಷಗಳಲ್ಲಿರುವುದರಿಂದಲೂ ಅವುಗಳಲ್ಲಿ ಸ್ಪ್ರಿಂಗಿನ ಕುಲುಕಾಟವಿಲ್ಲದೆ ಮೊದಲೇ ತುಂಬಿಟ್ಟ ಗಾಳಿಯು ಕೆಲಸ ಮಾಡುವುದರಿಂದಲೂ, ರೈತನ ಕೋವಿಗೂ ಅವುಗಳಿಗೂ ನಂಟು ಹೇಳುವುದು ಕಷ್ಟ. ಆದರೂ ನನ್ನ ನೆರೆಮನೆಯ ಹುಡುಗಿಯೊಬ್ಬಳು ರಜೆಯಲ್ಲಿ ನನ್ನದನ್ನು ಕೇಳಿ ಪಡೆದು, ಹಿತ್ತಲ ಮಣ್ಣಿನ ಗೋಡೆಗೆ ರಟ್ಟೊಂದನ್ನು ಸಿಕ್ಕಿಸಿ ಹೊಡೆಯುತ್ತಾಳೆ. ಕೈಯನ್ನು ಸಡಿಲಬಿಟ್ಟು ಹಿಡಿಯುವ ಆ ತಲೆಕೆಳಗಾದ ವಿದ್ಯೆ ಅವಳಿಗೆ ಬೇಗ ಸಿದ್ಧಿಸಿತು, ಬಹುಶಃ ಬಿಗಿಯಾಗಿ ಹಿಡಿಯಬೇಕೆಂದು ಅವಳಿಗೆ ಯಾರೂ ಮೊದಲು ಕಲಿಸದೆ ಇದ್ದುದರಿಂದ.

ಹಳೆಯ ಏರ್‌ಗನ್ನನ್ನು ಮಾರುವುದು ಸುಲಭವಲ್ಲ. ಅಂಗಡಿಯವರು ಹಿಂದಕ್ಕೆ ಕೊಳ್ಳುವುದಿಲ್ಲ; ಪರಿಚಯದವರಲ್ಲಿ ಬಹುಮಂದಿಯ ಮನೆಯಲ್ಲಿ ಆಗಲೇ ಒಂದು ತೂಗಾಡುತ್ತಿರುತ್ತದೆ. ಕಳೆದ ಸುಗ್ಗಿಗೆ ಮುಂಚೆ ಮುಂಡಗೋಡಿನ ಕಡೆಯಿಂದ ಬಂದ ಗೋವಿನಜೋಳದ ರೈತನೊಬ್ಬನು, ನನ್ನಲ್ಲಿ ಒಂದಿದೆಯೆಂದು ಯಾರಿಂದಲೋ ಕೇಳಿ ತಿಳಿದು, ಮನೆಗೆ ಬಂದು ಅದನ್ನು ಕೈಗೆತ್ತಿಕೊಂಡು, ನಳಿಗೆಯನ್ನು ಬಗ್ಗಿಸಿ, ಮೇಲೆ ಕೆಳಗೆ ನೋಡಿ, ಬೆಲೆಯ ಮಾತನ್ನೇ ಎತ್ತದೆ ಒಂದೇ ಒಂದು ಪ್ರಶ್ನೆ ಕೇಳಿದನು.

"ಅಣ್ಣಾರ, ಇದು ಆವಾಜ ಜೋರ ಮಾಡತೈತೇನ್ರಿ?"

ಇಲ್ಲವೆಂದೆನು. ಅವನು ಅದನ್ನು ಜೋಪಾನವಾಗಿ ಕುರ್ಚಿಗೆ ಒರಗಿಸಿ, ಗರ್ನಾಲು ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಹೊರಟನು.